ಶಾಲೆಯ ಜಿಮೇಲ್: ಪೋಷಕರಿಗೆ ಕಳಿಸಿದ ಸುತ್ತೋಲೆ ಸ್ಪ್ಯಾಮ್‌ಗೆ, ಫೀಸ್ ರಸೀದಿ ವಾಪಸ್

ಲ್ಯಾಬ್_ಇನ್‌ಚಾರ್ಜ್ ಕೇಳಿದ್ದು:

ನಮ್ಮದು ಹೈಸ್ಕೂಲು, ಪಿಯು ಎರಡೂ ಇರುವ ಸಂಸ್ಥೆ. ಮೇಲ್ ಗೂಗಲ್ ವರ್ಕ್‌ಸ್ಪೇಸ್ ಫಾರ್ ಎಜುಕೇಶನ್ ಫಂಡಮೆಂಟಲ್ಸ್‌ನಲ್ಲಿದೆ, ಅಂದರೆ ಉಚಿತದ್ದೇ. ಸಿಬ್ಬಂದಿ 60, ವಿದ್ಯಾರ್ಥಿಗಳ ಖಾತೆ 900ರ ಆಸುಪಾಸು, ಪೋಷಕರ ವಿಳಾಸ 1,100. ಪೋಷಕರದ್ದು ಹೆಚ್ಚೂಕಡಿಮೆ ಎಲ್ಲ ಸ್ವಂತ ಜಿಮೇಲ್. ವೆಬ್‌ಸೈಟ್ ಬೇರೆ ಕಡೆ, ಸಿಪ್ಯಾನೆಲ್ (ಹೋಸ್ಟಿಂಗ್ ನಿರ್ವಹಿಸುವ ಪುಟ) ಇರುವ ಶೇರ್ಡ್ ಹೋಸ್ಟಿಂಗ್‌ನಲ್ಲಿದೆ. ಡಿಎನ್‌ಎಸ್ (ಡೊಮೇನ್ ಹೆಸರಿನ ದಾಖಲೆಗಳು) ಕೂಡ ಅಲ್ಲೇ. ಫೀಸ್ ಸಾಫ್ಟ್‌ವೇರ್ ಇನ್ನೊಬ್ಬರದು. ಅದು ತನ್ನ ಸರ್ವರ್‌ನಿಂದ, ನಮ್ಮ ಫೀಸ್ ವಿಳಾಸದ ಹೆಸರಲ್ಲೇ ರಸೀದಿ ಕಳಿಸುತ್ತದೆ.

ಈಗಿನ ತೊಂದರೆಗಳು:

ಆಫೀಸ್ ಖಾತೆಯಿಂದ ಪೋಷಕರಿಗೆ ಬಿಸಿಸಿ ಹಾಕಿ ಕಳಿಸುವ ಸುತ್ತೋಲೆ ಬಹಳ ಜನರಿಗೆ ಸ್ಪ್ಯಾಮ್‌ನಲ್ಲಿ ಬೀಳುತ್ತಿದೆ. "ನಾಟ್ ಸ್ಪ್ಯಾಮ್ ಒತ್ತಿ" ಅಂತ ವಾಟ್ಸಾಪ್‌ನಲ್ಲಿ ಹೇಳಿದ್ದಾಯ್ತು, ಪ್ರಯೋಜನ ಇಲ್ಲ.

ಫೀಸ್ ರಸೀದಿಗಳು ತಲುಪುವುದೇ ಇಲ್ಲ. 550 5.7.26 ಎಂಬ ಕೋಡ್ ಇರುವ ಬೌನ್ಸ್ (ತಲುಪಲಿಲ್ಲ ಎಂದು ವಾಪಸ್ ಬರುವ) ಮೇಲ್‌ಗಳು ನಮ್ಮ ಫೀಸ್ ಖಾತೆಯ ಇನ್‌ಬಾಕ್ಸಿಗೆ ಬಂದು ಗುಡ್ಡೆ ಬೀಳುತ್ತಿವೆ.

ಒಂದೇ ದಿನ ಎರಡು ಮೂರು ಸುತ್ತೋಲೆ ಹೋದರೆ "ಕಳಿಸುವ ಮಿತಿ ಮುಗಿದಿದೆ" ಅಂತ ಆಫೀಸ್ ಖಾತೆ ಕೈಕೊಡುತ್ತದೆ. ಬರುವ ಮೇಲ್ ಬರುತ್ತದೆ, ಕಳಿಸಲು ಆಗುವುದಿಲ್ಲ.

ವೆಬ್‌ಸೈಟ್‌ನ ಅಡ್ಮಿಷನ್ ಫಾರ್ಮ್ ತುಂಬಿದರೆ ಪ್ರಿನ್ಸಿಪಾಲರ ವಿಳಾಸಕ್ಕೆ ಮೇಲ್ ಬರಬೇಕು, ಬರುತ್ತಿಲ್ಲ. ಸ್ಪ್ಯಾಮ್‌ನಲ್ಲೂ ಇಲ್ಲ. ಆಫೀಸಿನ ಸ್ಕ್ಯಾನರ್ ಕೂಡ ಮೇಲ್ ಕಳಿಸುವುದು ನಿಲ್ಲಿಸಿದೆ.

ಎಸ್‌ಪಿಎಫ್ (ನಮ್ಮ ಹೆಸರಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂಬ ಡಿಎನ್‌ಎಸ್ ಪಟ್ಟಿ) ಹಾಕಿದ್ದೇವೆ. ಅಡ್ಮಿನ್ ಕನ್ಸೋಲ್, ಡಿಎನ್‌ಎಸ್ ಎರಡರ ಲಾಗಿನ್ ನನ್ನ ಹತ್ತಿರ ಇದೆ. ಎಲ್ಲಿಂದ ಶುರು ಮಾಡಲಿ?

---

ಹೆಡರ್_ಮೊದಲು:

ಸರ್, ಇವೆಲ್ಲ ಒಂದೇ ಕಾಯಿಲೆ ಅಲ್ಲ. ಕನಿಷ್ಠ ನಾಲ್ಕು ಬೇರೆ ಬೇರೆ ಸಮಸ್ಯೆ ಇವೆ. ಸ್ಪ್ಯಾಮ್ ಮತ್ತು ಬೌನ್ಸ್ ಎರಡಕ್ಕೂ ಮೂಲ ಒಂದೇ ಇರಬಹುದು, ಅದನ್ನು ಮೊದಲು ನೋಡೋಣ. ಅಲ್ಲಿಯವರೆಗೆ ಕನ್ಸೋಲ್‌ನಲ್ಲಿ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ಒಂದು ಬದಲಾವಣೆ ಪೂರ್ತಿ ಜಾರಿಗೆ ಬರಲು 24 ಗಂಟೆವರೆಗೂ ಹಿಡಿಯಬಹುದು. ನಡುವೆ ಇನ್ನೆರಡು ಬದಲಾಯಿಸಿಬಿಟ್ಟರೆ ಯಾವುದರಿಂದ ಸರಿಹೋಯ್ತು, ಯಾವುದರಿಂದ ಕೆಟ್ಟಿತು ಅಂತ ತಿಳಿಯುವುದಿಲ್ಲ.

ಆಫೀಸ್ ಖಾತೆಯಿಂದ ನಿಮ್ಮದೇ ಸ್ವಂತ ಜಿಮೇಲ್‌ಗೆ ಒಂದು ಮೇಲ್ ಕಳಿಸಿ. ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ತೆರೆದು, ಬಲಗಡೆಯ ಮೂರು ಚುಕ್ಕಿ ಒತ್ತಿ "ಶೋ ಒರಿಜಿನಲ್" ಆರಿಸಿ (ಮೊಬೈಲ್ ಆ್ಯಪ್‌ನಲ್ಲಿ ಇದು ಸಿಗುವುದಿಲ್ಲ). ಮೇಲ್ಗಡೆ ಸಣ್ಣ ಪಟ್ಟಿಯಲ್ಲಿ ಎಸ್‌ಪಿಎಫ್, ಡಿಕೆಐಎಂ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ), ಡಿಮಾರ್ಕ್ (ಇವೆರಡರ ಡೊಮೇನ್ ಫ್ರಮ್ ವಿಳಾಸಕ್ಕೆ ಹೊಂದುತ್ತದೆಯೇ ಎಂದು ನೋಡುವ ನಿಯಮ) ಸಾಲುಗಳು ಬರುತ್ತವೆ. ಪಾಸ್ ಅಂತ ಇದ್ದ ಮಾತ್ರಕ್ಕೆ ಸಮಾಧಾನ ಪಡಬೇಡಿ, ಪಕ್ಕದಲ್ಲಿ ಯಾವ ಡೊಮೇನ್ ಇದೆ ನೋಡಿ. ಡಿಕೆಐಎಂ ಮುಂದೆ ನಿಮ್ಮ ಡೊಮೇನ್ ಬದಲು ಕೊನೆಯಲ್ಲಿ "ಗ್ಯಾಪ್ಸ್‌ಎಸ್‌ಎಂಟಿಪಿ.ಕಾಮ್" ಅಂತ ಇದ್ದರೆ, ಡಿಕೆಐಎಂ ಅನ್ನು ನೀವು ಆನ್ ಮಾಡೇ ಇಲ್ಲ ಎಂದರ್ಥ. ನೀವು ಕೀ ಹಾಕದಿದ್ದರೆ ಗೂಗಲ್ ತನ್ನ ಡೀಫಾಲ್ಟ್ ಕೀಯಿಂದ ಸಹಿ ಹಾಕುತ್ತದೆ. ಸಹಿ ಅಸಲಿಯೇ, ಆದರೆ ನಿಮ್ಮ ಡೊಮೇನ್ ಹೆಸರಿನದ್ದಲ್ಲ. ಡಿಮಾರ್ಕ್ ಲೆಕ್ಕಕ್ಕೆ ಅದು ಬರುವುದಿಲ್ಲ.

ಎರಡನೆಯದು ಎಸ್‌ಪಿಎಫ್. "ಹಾಕಿದ್ದೇವೆ" ಅಂದಿದ್ದೀರಿ. ಎಷ್ಟು ಹಾಕಿದ್ದೀರಿ ನೋಡಿ! ಗೂಗಲ್ ಅಡ್ಮಿನ್ ಟೂಲ್‌ಬಾಕ್ಸ್‌ನ ಡಿಗ್ ಪುಟದಲ್ಲಿ ನಿಮ್ಮ ಡೊಮೇನ್ ಕೊಟ್ಟು ಟಿಎಕ್ಸ್‌ಟಿ (ಡಿಎನ್‌ಎಸ್‌ನ ಪಠ್ಯ ದಾಖಲೆ) ಒತ್ತಿ. "ವಿ=ಎಸ್‌ಪಿಎಫ್1" ಎಂದು ಶುರುವಾಗುವ ಸಾಲು ಒಂದೇ ಇರಬೇಕು. ಸಿಪ್ಯಾನೆಲ್ ತಾನಾಗಿಯೇ ಒಂದನ್ನು ಹಾಕಿರುತ್ತದೆ, ಮೇಲಿಂದ ಗೂಗಲ್‌ನದ್ದನ್ನು ಇನ್ನೊಂದು ಸಾಲಾಗಿ ಸೇರಿಸಿರುತ್ತಾರೆ. ಎರಡಿದ್ದರೆ ಫಲಿತಾಂಶ ಪರ್ಮ್‌ಎರರ್, ಅಂದರೆ ದಾಖಲೆಯೇ ತಪ್ಪು. ಎರಡರಲ್ಲಿ ಸರಿಯಾದದ್ದನ್ನು ಯಾವ ಸರ್ವರೂ ಆರಿಸಿಕೊಳ್ಳುವುದಿಲ್ಲ, ಎರಡನ್ನೂ ಬದಿಗಿಡುತ್ತದೆ.

ಇನ್ನು ನಿಮ್ಮ 5.7.26. ಕಳಿಸಿದವರು ಯಾರೆಂದು ಎಸ್‌ಪಿಎಫ್‌ನಿಂದಲೂ ಡಿಕೆಐಎಂನಿಂದಲೂ ಖಾತ್ರಿಯಾಗದಿದ್ದಾಗ ಜಿಮೇಲ್ ಕೊಡುವ ಕೋಡ್ ಅದು. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಮೇಲ್ ಕಳಿಸುವ ಪ್ರತಿಯೊಬ್ಬರಿಗೂ ಇವೆರಡರಲ್ಲಿ ಒಂದಾದರೂ ಕಡ್ಡಾಯ. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಎರಡೂ ಬೇಕು, ಜೊತೆಗೆ ಡಿಮಾರ್ಕ್ ಕೂಡ. ನಿಮ್ಮದು ಆ ಗುಂಪಲ್ಲ, ಆದರೂ ಮೂರನ್ನೂ ಮಾಡಿಕೊಳ್ಳಿ. ನಿಮ್ಮ ಎರಡೂ ತೊಂದರೆ ಈಗ ತಾಳೆಯಾಗುತ್ತವೆ ನೋಡಿ. ಆಫೀಸ್ ಮೇಲ್ ಗೂಗಲ್‌ನಿಂದಲೇ ಹೊರಡುತ್ತದೆ, ಡೀಫಾಲ್ಟ್ ಸಹಿಯಾದರೂ ಇದೆ, ಹಾಗಾಗಿ ವಾಪಸ್ ಬರದೆ ಸ್ಪ್ಯಾಮ್‌ಗೆ ಹೋಗುತ್ತಿದೆ. ರಸೀದಿಗೆ ಆ ಸಹಿಯೂ ಇಲ್ಲ, ಬಾಗಿಲಲ್ಲೇ ತಡೆಯುತ್ತಾರೆ.

ಶೋ ಒರಿಜಿನಲ್‌ನ ಆ ಮೂರು ಸಾಲು ಮತ್ತು ಟಿಎಕ್ಸ್‌ಟಿ ಪಟ್ಟಿ ಇಲ್ಲಿ ಹಾಕಿ. ಡೊಮೇನ್ ಹೆಸರು ಅಳಿಸಿ ಹಾಕಿದರೂ ಸಾಕು.

---

ಕಚೇರಿ_ಕಂಪ್ಯೂಟರ್:

ಇಷ್ಟೆಲ್ಲ ತಲೆಬಿಸಿ ಯಾಕೆ, ಶಾಲೆ ಹೆಸರಲ್ಲಿ ಒಂದು ಫ್ರೀ ಜಿಮೇಲ್ ಮಾಡಿ ಅದರಿಂದ ಕಳಿಸಿ. ಸ್ಪ್ಯಾಮ್ ಆಗಲ್ಲ.

---

ಪೋರ್ಟ್587:

ಫ್ರೀ ಜಿಮೇಲ್‌ಗೆ ದಿನಕ್ಕೆ 500 ಸ್ವೀಕರಿಸುವವರ ಮಿತಿ, ಅವರ ಪಟ್ಟಿ 1,100. ಅದೂ ಅಲ್ಲದೆ ಆ ಖಾತೆಯ ಪಾಸ್‌ವರ್ಡ್ ಇಟ್ಟುಕೊಂಡವರು ಕೆಲಸ ಬಿಟ್ಟು ಹೋದರೆ ಅಡ್ಮಿನ್ ಕನ್ಸೋಲ್‌ನಿಂದ ಏನೂ ಮಾಡಲು ಬರುವುದಿಲ್ಲ. ಶಾಲೆಯ ಹೆಸರಿನ ಯಾವುದೋ ಜಿಮೇಲ್‌ನಿಂದ ಬಂದ ಫೀಸ್ ಲಿಂಕನ್ನು ನಂಬಿ ಎಂದು ಪೋಷಕರಿಗೆ ನಾವೇ ಅಭ್ಯಾಸ ಮಾಡಿಸಿದ ಹಾಗೆ ಆಗುತ್ತದೆ. ನಾಳೆ ಮೋಸದವರು ಅಂಥದ್ದೇ ಇನ್ನೊಂದು ವಿಳಾಸ ಮಾಡಿಕೊಳ್ಳಲು ಎಷ್ಟು ಹೊತ್ತು ಬೇಕು?

---

ಲ್ಯಾಬ್_ಇನ್‌ಚಾರ್ಜ್:

ಹೆಡರ್_ಮೊದಲು ಸರ್, ನೀವು ಹೇಳಿದ ಹಾಗೇ ಇದೆ.

ಎಸ್‌ಪಿಎಫ್: ಪರ್ಮ್‌ಎರರ್.
ಡಿಕೆಐಎಂ: ಪಾಸ್, ಆದರೆ ಡೊಮೇನ್ ಜಾಗದಲ್ಲಿ ನಮ್ಮ ಹೆಸರಿಗೆ ಅಂಟಿಕೊಂಡು 20230601.ಗ್ಯಾಪ್ಸ್‌ಎಸ್‌ಎಂಟಿಪಿ.ಕಾಮ್.
ಡಿಮಾರ್ಕ್: ಆ ಸಾಲೇ ಇಲ್ಲ.

ಟಿಎಕ್ಸ್‌ಟಿಯಲ್ಲಿ ಎಸ್‌ಪಿಎಫ್ ಎರಡಿವೆ. ಒಂದು "+ಎ +ಎಂಎಕ್ಸ್ +ಐಪಿ4" ಇರುವುದು, ಕೊನೆಗೆ ~ಆಲ್. ಇನ್ನೊಂದು ಗೂಗಲ್‌ನ ಇನ್‌ಕ್ಲೂಡ್ (ಗೂಗಲ್‌ನ ಪಟ್ಟಿಯನ್ನೂ ಸೇರಿಸು ಎಂಬುದು) ಇರುವುದು, ಅದಕ್ಕೂ ಕೊನೆಗೆ ~ಆಲ್. ಫೀಸ್ ಸಾಫ್ಟ್‌ವೇರ್‌ನವರನ್ನು ಕೇಳಿದೆ. "ನಮ್ಮ ಸರ್ವರ್ ಐಪಿಯನ್ನು ಎಸ್‌ಪಿಎಫ್‌ಗೆ ಸೇರಿಸಿ, ಸಾಕು" ಅಂದರು. ಸಾಕಾ?

---

ಹೆಡರ್_ಮೊದಲು:

ಮೊದಲು ಎಸ್‌ಪಿಎಫ್. ಎರಡು ಸಾಲನ್ನೂ ಅಳಿಸಿ ಒಂದನ್ನು ಹಾಕಿ:

ವಿ=ಎಸ್‌ಪಿಎಫ್1 ಐಪಿ4:(ಫೀಸ್ ಸರ್ವರ್ ಐಪಿ) ಇನ್‌ಕ್ಲೂಡ್:_ಎಸ್‌ಪಿಎಫ್.ಗೂಗಲ್.ಕಾಮ್ ~ಆಲ್

ಓದಲು ಸುಲಭ ಅಂತ ಕನ್ನಡದಲ್ಲಿ ಬರೆದಿದ್ದೇನೆ. ಪ್ಯಾನೆಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ, ನಡುವೆ ಒಂದೊಂದೇ ಸ್ಪೇಸ್ ಬಿಟ್ಟು ಹಾಕಿ. ಹಳೆಯ +ಎ ಬೇಡ. ಅದು ವೆಬ್‌ಸೈಟ್ ಕೂತಿರುವ ಶೇರ್ಡ್ ಸರ್ವರ್‌ಗೆ ಅನುಮತಿ ಕೊಡುತ್ತದೆ, ಅದೇ ಸರ್ವರ್‌ನಲ್ಲಿ ನೂರಾರು ಬೇರೆ ಸೈಟ್‌ಗಳೂ ಇರುತ್ತವೆ. +ಎಂಎಕ್ಸ್ ನಿಮಗೆ ದಂಡ, ಎಂಎಕ್ಸ್ ಎಂದರೆ ಗೂಗಲ್‌ನ ಮೇಲ್ ತೆಗೆದುಕೊಳ್ಳುವ ಸರ್ವರ್‌ಗಳು. ಎಸ್‌ಪಿಎಫ್‌ಗೆ ಒಟ್ಟು 10 ಡಿಎನ್‌ಎಸ್ ಹುಡುಕಾಟದ ಮಿತಿ ಇದೆ. ಇನ್‌ಕ್ಲೂಡ್, ಎ, ಎಂಎಕ್ಸ್ ಎಲ್ಲವೂ ಅದನ್ನು ತಿನ್ನುತ್ತವೆ, ಇನ್‌ಕ್ಲೂಡ್‌ನ ಒಳಗಿನ ಇನ್‌ಕ್ಲೂಡ್ ಕೂಡ ಲೆಕ್ಕಕ್ಕೆ ಬರುತ್ತದೆ. ಐಪಿ4 ತಿನ್ನುವುದಿಲ್ಲ. ಮಿತಿ ದಾಟಿದರೆ ಮತ್ತೆ ಅದೇ ಪರ್ಮ್‌ಎರರ್. ಸಾಫ್ಟ್‌ವೇರ್ ಬದಲಾದಾಗಲೆಲ್ಲ ಹಳಬರ ಇನ್‌ಕ್ಲೂಡ್ ತೆಗೆದುಹಾಕದ ಶಾಲೆಗಳು ಸಿಕ್ಕಿಬೀಳುವುದು ಇಲ್ಲೇ.

ಕೊನೆಗೆ ~ಆಲ್ (ಪಟ್ಟಿಯಲ್ಲಿಲ್ಲದವರನ್ನು ಅನುಮಾನಿಸಿ) ಬದಲು -ಆಲ್ (ತಿರಸ್ಕರಿಸಿ) ಹಾಕಿ ಅಂತ ಯಾರಾದರೂ ಸಲಹೆ ಕೊಡುತ್ತಾರೆ. ಬೇಡ. ಪೋಷಕರು ತಮ್ಮ ಮೇಲ್ ಅನ್ನು ಇನ್ನೊಂದು ಖಾತೆಗೆ ಫಾರ್ವರ್ಡ್ ಮಾಡಿಕೊಂಡಿದ್ದರೆ ಅಲ್ಲಿ ಎಸ್‌ಪಿಎಫ್ ಹೇಗೂ ಕೆಡುತ್ತದೆ. -ಆಲ್ ಇದ್ದರೆ ಕೆಲವು ಸರ್ವರ್‌ಗಳು ಡಿಕೆಐಎಂ ನೋಡುವ ಗೋಜಿಗೂ ಹೋಗದೆ ತಳ್ಳಿಬಿಡುತ್ತವೆ.

ಡಿಕೆಐಎಂ: ಆ್ಯಪ್ಸ್ → ಗೂಗಲ್ ವರ್ಕ್‌ಸ್ಪೇಸ್ → ಜಿಮೇಲ್ → ಆಥೆಂಟಿಕೇಟ್ ಇಮೇಲ್. ನಿಮ್ಮ ಡೊಮೇನ್ ಆರಿಸಿ, 2048 ಬಿಟ್ ಕೀ ತಯಾರಿಸಿ, ಪ್ರಿಫಿಕ್ಸ್ "ಗೂಗಲ್" ಎಂದೇ ಇರಲಿ. ಬಂದ ಹೆಸರು ಮತ್ತು ಉದ್ದದ ಮೌಲ್ಯವನ್ನು ಡಿಎನ್‌ಎಸ್‌ನಲ್ಲಿ ಟಿಎಕ್ಸ್‌ಟಿ ಆಗಿ ಸೇರಿಸಿ. ಇಲ್ಲಿ ಕೈಕೊಡುವ ಜಾಗ ಮೂರು.

ಹೆಸರಿನ ಕಾಲಂನಲ್ಲಿ ಕೆಲವು ಪ್ಯಾನೆಲ್‌ಗಳು ಡೊಮೇನನ್ನು ತಾವೇ ಸೇರಿಸುತ್ತವೆ. ನೀವೂ ಪೂರ್ತಿ ಹೆಸರು ಹಾಕಿದರೆ ಡೊಮೇನ್ ಎರಡು ಸಲ ಬಂದು ರೆಕಾರ್ಡ್ ಬೇರೆಲ್ಲೋ ಕೂರುತ್ತದೆ. ಸೇವ್ ಆದ ಮೇಲೆ ಡಿಗ್‌ನಲ್ಲಿ "ಗೂಗಲ್._ಡೊಮೇನ್‌ಕೀ.ನಿಮ್ಮಡೊಮೇನ್" ಹುಡುಕಿ ಖಚಿತಪಡಿಸಿಕೊಳ್ಳಿ.

ಟಿಎಕ್ಸ್‌ಟಿಯ ಒಂದು ತುಂಡು 255 ಅಕ್ಷರ ಮೀರುವಂತಿಲ್ಲ, 2048 ಬಿಟ್ ಕೀ ಅದಕ್ಕಿಂತ ಉದ್ದ. ಒಳ್ಳೆಯ ಪ್ಯಾನೆಲ್‌ಗಳು ತಾವೇ ತುಂಡು ಮಾಡುತ್ತವೆ. ಕೆಲವು ಏನೂ ಹೇಳದೆ ಬಾಲ ಕತ್ತರಿಸುತ್ತವೆ. ಡಿಗ್‌ನಲ್ಲಿ ಕಾಣುವ ಕೊನೆಯ ಹತ್ತು ಅಕ್ಷರ ಕನ್ಸೋಲ್‌ನದ್ದಕ್ಕೆ ಹೊಂದುತ್ತವೆಯೇ ನೋಡಿ. ಹೊಂದದಿದ್ದರೆ ಎರಡು ಉದ್ಧರಣ ಚಿಹ್ನೆಗಳೊಳಗೆ ಎರಡು ತುಂಡಾಗಿ ಹಾಕಿ. ಅದೂ ಆಗದಿದ್ದರೆ ಮಾತ್ರ 1024 ಬಿಟ್.

ಮೂರನೆಯದು ಎಲ್ಲರೂ ಮರೆಯುವುದು. ರೆಕಾರ್ಡ್ ಸೇರಿಸಿದ ಮೇಲೆ ಅದೇ ಪುಟಕ್ಕೆ ವಾಪಸ್ ಬಂದು "ಸ್ಟಾರ್ಟ್ ಆಥೆಂಟಿಕೇಶನ್" ಒತ್ತಬೇಕು. ಒತ್ತದಿದ್ದರೆ ಡಿಎನ್‌ಎಸ್‌ನಲ್ಲಿ ಕೀ ಇದ್ದರೂ ಸಹಿ ಗ್ಯಾಪ್ಸ್‌ಎಸ್‌ಎಂಟಿಪಿ ಹೆಸರಲ್ಲೇ ಹೋಗುತ್ತಿರುತ್ತದೆ.

ಡಿಮಾರ್ಕ್ ಆಮೇಲೆ. ಎರಡು ದಿನ ಬಿಟ್ಟು, ಶೋ ಒರಿಜಿನಲ್‌ನಲ್ಲಿ ಎರಡೂ ನಿಮ್ಮ ಡೊಮೇನ್ ಹೆಸರಲ್ಲೇ ಪಾಸ್ ಅಂತ ಬಂದ ಮೇಲೆ, "_ಡಿಮಾರ್ಕ್" ಹೆಸರಲ್ಲಿ ಪಿ=ನನ್ (ತಡೆಯಬೇಡಿ, ವರದಿ ಮಾತ್ರ ಕೊಡಿ) ಇಟ್ಟು ಒಂದು ಟಿಎಕ್ಸ್‌ಟಿ ಹಾಕಿ. ಆರ್‌ಯುಎ ಜಾಗಕ್ಕೆ ವರದಿ ಬರುವ ವಿಳಾಸ ಕೊಡಿ. ಅದು ಗ್ರೂಪ್ ಆಗಿದ್ದರೆ ಹೊರಗಿನವರು ಪೋಸ್ಟ್ ಮಾಡಬಹುದು ಎಂದು ಇಡಬೇಕು, ಇಲ್ಲದಿದ್ದರೆ ವರದಿಗಳನ್ನೇ ನಿಮ್ಮ ಗ್ರೂಪ್ ತಿರಸ್ಕರಿಸುತ್ತದೆ.

---

ಪೋರ್ಟ್587:

"ಐಪಿ ಸೇರಿಸಿದರೆ ಸಾಕಾ" ಎಂಬುದಕ್ಕೆ: ಇವತ್ತಿಗೆ ಸಾಕು, ಮುಂದಕ್ಕೆ ಸಾಲದು.

ಎಸ್‌ಪಿಎಫ್ ನೋಡುವುದು ಪೋಷಕರ ಕಣ್ಣಿಗೆ ಕಾಣುವ ಫ್ರಮ್ ವಿಳಾಸವನ್ನಲ್ಲ, ಹೆಡರ್‌ನಲ್ಲಿರುವ ರಿಟರ್ನ್-ಪಾತ್ ಡೊಮೇನನ್ನು. ಬೌನ್ಸ್‌ಗಳು ಹೋಗುವುದೂ ಅಲ್ಲಿಗೇ. ನಿಮ್ಮ ಬೌನ್ಸ್‌ಗಳು ಫೀಸ್ ಖಾತೆಗೇ ಬರುತ್ತಿವೆ ಎಂದಿರಿ, ಅಂದರೆ ಈಗ ರಿಟರ್ನ್-ಪಾತ್ ನಿಮ್ಮ ಡೊಮೇನೇ. ಹಾಗಾಗಿ ಐಪಿ ಸೇರಿಸಿದರೆ ಎಸ್‌ಪಿಎಫ್ ಪಾಸ್ ಆಗುತ್ತದೆ, 5.7.26 ನಿಲ್ಲುತ್ತದೆ. ನಾಳೆ ಅವರು ಯಾವುದಾದರೂ ಮೇಲ್ ಕಳಿಸುವ ಸೇವೆಗೆ ಬದಲಾದರು ಅನ್ನಿ, ರಿಟರ್ನ್-ಪಾತ್ ಆ ಸೇವೆಯದ್ದಾಗುತ್ತದೆ. ಆಗ ನಿಮ್ಮ ಎಸ್‌ಪಿಎಫ್‌ನಲ್ಲಿ ಅವರ ಇನ್‌ಕ್ಲೂಡ್ ಹಾಕಿದರೂ ಡಿಮಾರ್ಕ್‌ಗೆ ಉಪಯೋಗವಿಲ್ಲ, ಯಾಕೆಂದರೆ ಡೊಮೇನ್ ಹೊಂದುವುದಿಲ್ಲ.

ಆದ್ದರಿಂದ ಅವರಿಂದ ಕೇಳಬೇಕಾದದ್ದು ನಿಮ್ಮ ಡೊಮೇನ್ ಹೆಸರಲ್ಲಿ ಡಿಕೆಐಎಂ ಸಹಿ. ಎಸ್‌ಪಿಎಫ್‌ನ ಹಾಗಲ್ಲ, ಡಿಕೆಐಎಂ ಕೀಗಳು ಎಷ್ಟು ಬೇಕಾದರೂ ಇರಬಹುದು, ಸೆಲೆಕ್ಟರ್ (ಕೀಯನ್ನು ಗುರುತಿಸುವ) ಹೆಸರು ಬೇರೆ ಇದ್ದರಾಯ್ತು. ಗೂಗಲ್‌ನದ್ದು "ಗೂಗಲ್", ಅವರದ್ದು "ಫೀಸ್" ಎಂದಿರಲಿ. ಕೀ ಅವರೇ ಮಾಡಿ ಕೊಡುತ್ತಾರೆ, ನೀವು ಡಿಎನ್‌ಎಸ್‌ಗೆ ಹಾಕುತ್ತೀರಿ.

"ನಮ್ಮಲ್ಲಿ ಡಿಕೆಐಎಂ ಇಲ್ಲ" ಎಂದು ಕೈಯಾಡಿಸಿದರೆ ಇನ್ನೊಂದು ದಾರಿ ಇದೆ, ನನಗೆ ಇದೇ ಹೆಚ್ಚು ಇಷ್ಟ. ರಸೀದಿಗಳನ್ನು ಗೂಗಲ್‌ನ ಎಸ್‌ಎಂಟಿಪಿ ರಿಲೇ (ಬೇರೆ ಸರ್ವರ್‌ನ ಮೇಲನ್ನು ಗೂಗಲ್ ತೆಗೆದುಕೊಂಡು ಮುಂದೆ ಕಳಿಸುವ ಸೇವೆ) ಮೂಲಕ ಕಳಿಸಲು ಹೇಳಿ. ಜಿಮೇಲ್ → ರೌಟಿಂಗ್ → ಎಸ್‌ಎಂಟಿಪಿ ರಿಲೇ ಸರ್ವಿಸ್. ಅಲ್ಲಿ ಕಳಿಸುವವರು "ನನ್ನ ಡೊಮೇನಿನ ವಿಳಾಸಗಳು ಮಾತ್ರ", ಅವರ ಸ್ಟ್ಯಾಟಿಕ್ ಐಪಿ ಮಾತ್ರ, ಟಿಎಲ್‌ಎಸ್ (ದಾರಿಯಲ್ಲಿ ಮೇಲ್ ಅನ್ನು ಗೂಢಲಿಪಿ ಮಾಡುವುದು) ಕಡ್ಡಾಯ, ಜೊತೆಗೆ ಎಸ್‌ಎಂಟಿಪಿ ಲಾಗಿನ್ ಕೂಡ ಕಡ್ಡಾಯ ಎಂದು ಗುರುತು ಹಾಕಿ. ಕೊನೆಯದನ್ನು ಬಿಡಬೇಡಿ. ಆ ಸರ್ವರ್‌ನಲ್ಲಿ ಹತ್ತು ಶಾಲೆಗಳ ಸಾಫ್ಟ್‌ವೇರ್ ಓಡುತ್ತಿದ್ದರೆ, ಬರೀ ಐಪಿ ನಂಬಿದಾಗ ಹತ್ತೂ ಶಾಲೆಯವರು ನಿಮ್ಮ ಹೆಸರಲ್ಲಿ ಕಳಿಸಬಹುದು. ಅವರ ಕಡೆ ಸರ್ವರ್ ಹೆಸರು ಎಸ್‌ಎಂಟಿಪಿ-ರಿಲೇ.ಜಿಮೇಲ್.ಕಾಮ್, ಪೋರ್ಟ್ 587. ಈ ದಾರಿಯಲ್ಲಿ ಹೋದ ಮೇಲ್‌ಗೆ ನಿಮ್ಮ ಡಿಕೆಐಎಂ ಸಹಿಯನ್ನು ಗೂಗಲೇ ಹಾಕುತ್ತದೆ. ಎಸ್‌ಪಿಎಫ್‌ನಲ್ಲಿ ಅವರ ಐಪಿಯೂ ಬೇಕಿಲ್ಲ. ಇಮೇಲ್ ಲಾಗ್ ಸರ್ಚ್‌ನಲ್ಲಿ ಒಂದೊಂದು ರಸೀದಿಯ ಗತಿಯೂ ನಿಮಗೇ ಕಾಣುತ್ತದೆ, "ಕಳಿಸಿದ್ದೇವೆ, ನಿಮ್ಮ ಕಡೆಯೇ ತೊಂದರೆ" ಎಂಬ ಮಾತು ನಿಲ್ಲುತ್ತದೆ.

---

ಮಲ್ನಾಡ್_ಅಡ್ಮಿನ್:

ಕಳಿಸುವ ಮಿತಿಯ ಲೆಕ್ಕ ಯಾರೂ ಹೇಳಲಿಲ್ಲ. ಶಾಲೆಯ ಖಾತೆಯಿಂದ ಒಂದು ಮೇಲ್‌ಗೆ ಹೊರಗಿನ ವಿಳಾಸ 500ರವರೆಗೆ ಹಾಕಬಹುದು. ಒಂದು ಖಾತೆಯಿಂದ 24 ಗಂಟೆಯಲ್ಲಿ ಹೊರಗಿನ ಸ್ವೀಕರಿಸುವವರು 3,000. ಅದೇ ವಿಳಾಸಕ್ಕೆ ಎರಡು ಸಲ ಕಳಿಸಿದರೆ ಎರಡು ಎಂದೇ ಲೆಕ್ಕ. ನಿಮ್ಮ 1,100 ಪೋಷಕರಿಗೆ ಮೂರು ಸುತ್ತೋಲೆ ಎಂದರೆ 3,300. ಮೂರನೆಯದರ ಕೊನೆಯ ಕಂತಲ್ಲಿ ಖಾತೆ ನಿಲ್ಲುವುದು ಇದಕ್ಕೇ. ಈ 24 ಗಂಟೆ ಮಧ್ಯರಾತ್ರಿಗೆ ಹೊಸದಾಗುವುದಿಲ್ಲ, ಉರುಳುತ್ತಾ ಹೋಗುತ್ತದೆ. ನಿನ್ನೆ ಸಂಜೆ 4ಕ್ಕೆ ಕಳಿಸಿದ್ದು ಇವತ್ತು ಬೆಳಿಗ್ಗೆ 10ಕ್ಕೂ ಲೆಕ್ಕದಲ್ಲಿರುತ್ತದೆ.

ಪರಿಹಾರ: ತರಗತಿವಾರು ಗೂಗಲ್ ಗ್ರೂಪ್. ಗ್ರೂಪ್‌ನಲ್ಲಿ 120 ಜನ ಇದ್ದರೂ ಕಳಿಸುವವರ ಮಿತಿಯಲ್ಲಿ ಅದು ಒಂದೇ ವಿಳಾಸ. ಅಡ್ಮಿನ್ ಕನ್ಸೋಲ್‌ನ ಡೈರೆಕ್ಟರಿ → ಗ್ರೂಪ್ಸ್‌ನಲ್ಲಿ ಗ್ರೂಪ್ ಮಾಡಿ, ಸಿಎಸ್‌ವಿ ಫೈಲ್‌ನಿಂದ ಪೋಷಕರನ್ನು ಒಟ್ಟಿಗೆ ಸೇರಿಸಿ. ಅದಕ್ಕೂ ಮೊದಲು ಹೊರಗಿನ ಸದಸ್ಯರಿಗೆ ಅನುಮತಿ ಕೊಟ್ಟಿರಬೇಕು. ಗ್ರೂಪ್ ಮಾಡಿದ ಕೂಡಲೇ ಮೂರು ಕಡೆ ನೋಡಿ. ಪೋಸ್ಟ್ ಮಾಡುವವರು ಓನರ್ ಮತ್ತು ಮ್ಯಾನೇಜರ್ ಮಾತ್ರ. ಸದಸ್ಯರ ಪಟ್ಟಿ ನೋಡುವವರೂ ಅವರೇ, ಇಲ್ಲದಿದ್ದರೆ ಒಬ್ಬರ ಇಮೇಲ್ ಇನ್ನೊಬ್ಬರ ಕೈಸೇರುತ್ತದೆ. ಉತ್ತರಗಳು ಗ್ರೂಪ್‌ನ ಮ್ಯಾನೇಜರ್‌ಗಳಿಗೆ ಮಾತ್ರ ಹೋಗಲಿ. ಈ ಕೊನೆಯದನ್ನು ಬಿಟ್ಟರೆ ಒಬ್ಬ ತಾಯಿ "ಮಗನಿಗೆ ಜ್ವರ, ರಜೆ ಬೇಕು" ಎಂದು ಬರೆದದ್ದು ಇಡೀ ಎಂಟನೇ ತರಗತಿಯ ಪೋಷಕರಿಗೆ ಹೋಗುವ ಸಂಭವ ಇದೆ.

ಆಫೀಸಿನವರು ಗ್ರೂಪ್‌ಗೆ ಕಳಿಸಿದ ಮೇಲ್ ಅವರ ಇನ್‌ಬಾಕ್ಸಿಗೇ ವಾಪಸ್ ಕಾಣುವುದಿಲ್ಲ, ಸೆಂಟ್‌ನಲ್ಲಷ್ಟೇ ಇರುತ್ತದೆ. ಜಿಮೇಲ್ ಮಾಡುವುದೇ ಹಾಗೆ. "ಹೋಗಿಲ್ಲ" ಅಂದುಕೊಂಡು ಮತ್ತೆ ಮತ್ತೆ ಕಳಿಸಬೇಡಿ ಎಂದು ಮೊದಲೇ ಹೇಳಿಡಿ. ಇನ್ನೊಂದು: ಗ್ರೂಪ್ ಮೇಲ್‌ನ ಕೆಳಗೆ ಅನ್‌ಸಬ್‌ಸ್ಕ್ರೈಬ್ ದಾರಿ ಇರುತ್ತದೆ, ಕೆಲವು ಪೋಷಕರು ಒತ್ತಿಬಿಡುತ್ತಾರೆ. ತಿಂಗಳಿಗೊಮ್ಮೆ ಸದಸ್ಯರ ಸಂಖ್ಯೆಯನ್ನು ಹಾಜರಿ ಪಟ್ಟಿಗೆ ತಾಳೆ ನೋಡುವುದು ಒಳ್ಳೆಯದು.

ಅಡ್ಮಿಷನ್ ಫಾರ್ಮ್ ಮೇಲ್ ಮಾಯವಾಗುವುದಕ್ಕೆ ಕಾರಣ ನೂರಕ್ಕೆ ತೊಂಬತ್ತು ಪಾಲು ಸಿಪ್ಯಾನೆಲ್‌ನಲ್ಲೇ ಸಿಗುತ್ತದೆ. "ಇಮೇಲ್ ರೌಟಿಂಗ್" ತೆರೆಯಿರಿ. "ಲೋಕಲ್ ಮೇಲ್ ಎಕ್ಸ್‌ಚೇಂಜರ್" ಎಂದಿದ್ದರೆ ವೆಬ್ ಸರ್ವರ್ ನಿಮ್ಮ ಡೊಮೇನಿನ ಮೇಲ್ ತನ್ನದೇ ಎಂದುಕೊಂಡು, ಹೊರಗಿನ ಎಂಎಕ್ಸ್ ನೋಡದೆ, ಒಳಗೇ ಒಂದು ಪೆಟ್ಟಿಗೆಗೆ ಹಾಕಿಕೊಳ್ಳುತ್ತದೆ. ಅಂಥ ಪೆಟ್ಟಿಗೆ ಇಲ್ಲದಿದ್ದರೆ ಬೌನ್ಸ್, ಅದೂ ಸರ್ವರ್‌ನೊಳಗೇ. ಗೂಗಲ್‌ವರೆಗೆ ಬರುವುದೇ ಇಲ್ಲ, ಅದಕ್ಕೇ ಸ್ಪ್ಯಾಮ್‌ನಲ್ಲೂ ಕಾಣದು. "ರಿಮೋಟ್" ಮಾಡಿ ಸೇವ್ ಮಾಡಿ. ಹಳೆಯ ಅರ್ಜಿಗಳು ಬೇಕಿದ್ದರೆ ಸಿಪ್ಯಾನೆಲ್‌ನ ವೆಬ್‌ಮೇಲ್‌ನಲ್ಲಿ ಪ್ರಿನ್ಸಿಪಾಲರ ಹೆಸರಿನ ಪೆಟ್ಟಿಗೆ ಇದೆಯೇ ನೋಡಿ. ಇದ್ದರೆ ಎಲ್ಲವೂ ಅಲ್ಲೇ ಸಿಗುತ್ತವೆ, ಅಳಿಸುವ ಮೊದಲು ಇಳಿಸಿಕೊಳ್ಳಿ.

ರಿಮೋಟ್ ಮಾಡಿದ ಮೇಲೆ ಇನ್ನೊಂದು ಎದುರಾಗುತ್ತದೆ. ಫಾರ್ಮ್ ತುಂಬಿದವರ ಜಿಮೇಲ್ ವಿಳಾಸವನ್ನೇ ಫ್ರಮ್‌ನಲ್ಲಿ ಹಾಕಿ ಕಳಿಸುವ ಫಾರ್ಮ್‌ಗಳು ಬಹಳ. ಗೂಗಲ್ ಅದನ್ನು ನಕಲಿ ಎಂದೇ ನೋಡುತ್ತದೆ. ಫ್ರಮ್‌ನಲ್ಲಿ ಶಾಲೆಯ ವಿಳಾಸ, ರಿಪ್ಲೈ-ಟು ಜಾಗದಲ್ಲಿ ಪೋಷಕರ ವಿಳಾಸ ಇರುವಂತೆ ವೆಬ್‌ಸೈಟ್‌ನವರಿಂದ ಬದಲಾಯಿಸಿ. ಮತ್ತೆ, ಎಸ್‌ಪಿಎಫ್‌ನಿಂದ +ಎ ತೆಗೆದಿರುತ್ತೀರಿ, ಹಾಗಾಗಿ ಫಾರ್ಮ್ ಕೂಡ ಎಸ್‌ಎಂಟಿಪಿ ಲಾಗಿನ್ ಮೂಲಕವೇ ಕಳಿಸಲಿ.

---

ಪೋರ್ಟ್587:

ಸ್ಕ್ಯಾನರ್: ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ಹಳೆಯ ವಿಧಾನವನ್ನು ಗೂಗಲ್ 2025ರಲ್ಲಿ ವರ್ಕ್‌ಸ್ಪೇಸ್‌ಗೂ ನಿಲ್ಲಿಸಿದೆ. ಮೆಷಿನ್ ಕೆಟ್ಟಿಲ್ಲ. ಸ್ಕ್ಯಾನರ್‌ಗೆಂದೇ ಒಂದು ಖಾತೆ ಮಾಡಿ, ಅದಕ್ಕೆ 2-ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, ಆ್ಯಪ್ ಪಾಸ್‌ವರ್ಡ್ (ಆ ಮೆಷಿನ್‌ಗೆಂದೇ ಗೂಗಲ್ ಕೊಡುವ ಪ್ರತ್ಯೇಕ ಪಾಸ್‌ವರ್ಡ್) ಮಾಡಿಕೊಳ್ಳಿ. 16 ಅಕ್ಷರ ಬರುತ್ತದೆ, ಮೆಷಿನ್‌ನಲ್ಲಿ ಸ್ಪೇಸ್ ಇಲ್ಲದೆ ಹಾಕಿ. ಸರ್ವರ್ ಎಸ್‌ಎಂಟಿಪಿ.ಜಿಮೇಲ್.ಕಾಮ್, 587ಕ್ಕೆ ಸ್ಟಾರ್ಟ್‌ಟಿಎಲ್‌ಎಸ್, 465 ಆದರೆ ಎಸ್‌ಎಸ್‌ಎಲ್. ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಾಯಿಸಿದರೆ ಆ್ಯಪ್ ಪಾಸ್‌ವರ್ಡ್ ರದ್ದಾಗುತ್ತದೆ, ಹೊಸದು ತೆಗೆಯಬೇಕು. ಹಳೆಯ ಮೆಷಿನ್‌ಗಳಲ್ಲಿ ಟಿಎಲ್‌ಎಸ್ 1.2 ಇಲ್ಲದಿದ್ದರೆ ಇದೂ ನಡೆಯದಿರಬಹುದು, ಫರ್ಮ್‌ವೇರ್ ಅಪ್‌ಡೇಟ್ ಇದೆಯೇ ನೋಡಿ. ಇಲ್ಲದಿದ್ದರೆ ಪೆನ್‌ಡ್ರೈವ್‌ಗೆ ಸ್ಕ್ಯಾನ್ ಮಾಡುವುದೇ ವಾಸಿ. ಐಪಿ ನಂಬುವ ರಿಲೇ ವಿಧಾನ ಸ್ಕ್ಯಾನರ್‌ಗೂ ಇದೆ, ಆದರೆ ಶಾಲೆಯ ಬ್ರಾಡ್‌ಬ್ಯಾಂಡ್‌ಗೆ ಸ್ಟ್ಯಾಟಿಕ್ ಐಪಿ ಇಲ್ಲದಿದ್ದರೆ ರೌಟರ್ ಆಫ್ ಮಾಡಿ ಆನ್ ಮಾಡಿದಾಗಲೆಲ್ಲ ಕೈಕೊಡುತ್ತದೆ.

---

ಲ್ಯಾಬ್_ಇನ್‌ಚಾರ್ಜ್:

ಎಲ್ಲರಿಗೂ ಧನ್ಯವಾದ. ಎಸ್‌ಪಿಎಫ್ ಒಂದಾಯ್ತು, ಡಿಕೆಐಎಂ ನಮ್ಮ ಡೊಮೇನ್ ಹೆಸರಲ್ಲಿ ಪಾಸ್ ಬರುತ್ತಿದೆ. ಇಮೇಲ್ ರೌಟಿಂಗ್ "ಲೋಕಲ್" ಎಂದೇ ಇತ್ತು, ರಿಮೋಟ್ ಮಾಡಿದ್ದೇನೆ, ಫಾರ್ಮ್ ಸರಿ ಮಾಡಲು ವೆಬ್‌ಸೈಟ್‌ನವರಿಗೆ ಹೇಳಿದ್ದೇನೆ. ಫೀಸ್‌ನವರು ರಿಲೇಗೆ ಒಪ್ಪಿದ್ದಾರೆ. ಸುತ್ತೋಲೆ ಮಾತ್ರ ಕೆಲವು ಪೋಷಕರಿಗೆ ಇನ್ನೂ ಸ್ಪ್ಯಾಮ್‌ಗೇ ಹೋಗುತ್ತಿದೆ.

ಇನ್ನೊಂದು ಪ್ರಶ್ನೆ. ವಿದ್ಯಾರ್ಥಿಗಳಿಗೆ ಹೊರಗಿನ ಮೇಲ್ ಬರದ ಹಾಗೆ, ಹೋಗದ ಹಾಗೆ ನಿರ್ಬಂಧ ಹಾಕಿದೆವು. ಅಂದಿನಿಂದ ಅವರಿಗೆ ಗೂಗಲ್ ಕ್ಲಾಸ್‌ರೂಮ್ ಸೂಚನೆಗಳೂ ಬರುತ್ತಿಲ್ಲ.

---

ಹೆಡರ್_ಮೊದಲು:

ಸ್ಪ್ಯಾಮ್ ಉಳಿಯುವುದು ಸಹಜ. ಒಂದಷ್ಟು ಕಾಲ ಜನ ಸ್ಪ್ಯಾಮ್ ಎಂದು ಗುರುತು ಹಾಕಿರುತ್ತಾರೆ, ಡೊಮೇನಿನ ಮೇಲಿನ ನಂಬಿಕೆ ಸುಧಾರಿಸಲು ಸಮಯ ಬೇಕು. ಅಷ್ಟರಲ್ಲಿ ಬಿಸಿಸಿ ಪೂರ್ತಿ ನಿಲ್ಲಿಸಿ ಗ್ರೂಪ್‌ಗೆ ಬನ್ನಿ. ಚಿಕ್ಕದು ಮಾಡಿದ ಲಿಂಕ್‌ಗಳನ್ನು ಹಾಕಬೇಡಿ. ಬರೀ ಪಿಡಿಎಫ್ ಲಗತ್ತಿಸಿ ಒಳಗೆ ಏನೂ ಬರೆಯದೆ ಕಳಿಸುವ ಅಭ್ಯಾಸ ಬಿಡಿ, ಸುತ್ತೋಲೆಯ ನಾಲ್ಕು ಸಾಲನ್ನು ಮೇಲ್‌ನಲ್ಲೇ ಕನ್ನಡದಲ್ಲಿ ಬರೆಯಿರಿ. ವರ್ಷಗಳ ಹಿಂದಿನ ಪಟ್ಟಿಯಲ್ಲಿ ಸತ್ತ ವಿಳಾಸಗಳಿದ್ದರೆ ತೆಗೆಯಿರಿ, ಪ್ರತಿ ಸಲ ಅವುಗಳ ಬೌನ್ಸ್ ನಿಮ್ಮ ವಿರುದ್ಧವೇ ಲೆಕ್ಕವಾಗುತ್ತದೆ.

ಕ್ಲಾಸ್‌ರೂಮ್: ನೀವು ಹಾಕಿದ್ದು ಜಿಮೇಲ್ → ಕಂಪ್ಲಯನ್ಸ್ → ರಿಸ್ಟ್ರಿಕ್ಟ್ ಡೆಲಿವರಿ ತಾನೇ? ಅದಕ್ಕೆ ಗೂಗಲ್‌ನ ಮೇಲ್ ಕೂಡ ಹೊರಗಿನದ್ದೇ. ಅನುಮತಿಯ ವಿಳಾಸ ಪಟ್ಟಿಗೆ ನಿಮ್ಮ ಡೊಮೇನ್ ಜೊತೆ ಕ್ಲಾಸ್‌ರೂಮ್.ಗೂಗಲ್.ಕಾಮ್, ಡಾಕ್ಸ್.ಗೂಗಲ್.ಕಾಮ್, ಗೂಗಲ್.ಕಾಮ್ ಮೂರನ್ನೂ ಬೇರೆ ಬೇರೆಯಾಗಿ ಸೇರಿಸಿ. ಮೊದಲನೆಯದು ಹೋಮ್‌ವರ್ಕ್ ಸೂಚನೆಗೆ, ಎರಡನೆಯದು ಡಾಕ್ಯುಮೆಂಟ್ ಕಾಮೆಂಟ್‌ಗೆ, ಮೂರನೆಯದು ಡ್ರೈವ್ ಶೇರ್ ಮತ್ತು ಕ್ಯಾಲೆಂಡರ್‌ಗೆ. ಕೆಳಗೆ "ಒಳಗಿನ ಮೇಲ್‌ಗೆ ಈ ನಿಯಮ ಬೇಡ" ಎಂಬ ಚೌಕಕ್ಕೆ ಗುರುತು ಇರಲಿ. ಪಟ್ಟಿಗೆ ಜಿಮೇಲ್.ಕಾಮ್ ಸೇರಿಸಿ ಅಂತ ಯಾರಾದರೂ ಶಿಕ್ಷಕರು ಕೇಳುತ್ತಾರೆ. ಸೇರಿಸಿದರೆ ನಿರ್ಬಂಧ ಇದ್ದೂ ಇಲ್ಲದ ಹಾಗೆ, ಲೋಕದ ಎಲ್ಲ ಜಿಮೇಲ್‌ಗೂ ಮಕ್ಕಳ ಇನ್‌ಬಾಕ್ಸ್ ತೆರೆದ ಹಾಗೆ.

ಹೊರಗಿನ ಸಂಸ್ಥೆಯ ಡೊಮೇನ್ ಸೇರಿಸುವಾಗ, ಉದಾಹರಣೆಗೆ ಸ್ಪರ್ಧೆ ನಡೆಸುವವರದು, ಪಕ್ಕದಲ್ಲಿ ಕಳಿಸುವವರ ದೃಢೀಕರಣ ಬೇಕೇ ಎಂಬ ಆಯ್ಕೆ ಇರುತ್ತದೆ. ಅದನ್ನು ಆನ್ ಇಟ್ಟರೆ ಎಸ್‌ಪಿಎಫ್, ಡಿಕೆಐಎಂ ಸರಿ ಇಲ್ಲದ ಸಂಸ್ಥೆಯ ಮೇಲ್ ಪಟ್ಟಿಯಲ್ಲಿದ್ದರೂ ತಿರಸ್ಕೃತವಾಗುತ್ತದೆ. ಆಫ್ ಮಾಡುವ ಬದಲು ಅವರಿಗೆ ತಿಳಿಸುವುದು ಸರಿ.

ನಿಯಮ ಇರುವುದು ವಿದ್ಯಾರ್ಥಿಗಳ ಆರ್ಗನೈಸೇಶನಲ್ ಯೂನಿಟ್‌ಗೆ ಮಾತ್ರವೇ ಎಂದೂ ನೋಡಿ. ಮೇಲಿನ ಮಟ್ಟದಲ್ಲಿ ಹಾಕಿದ್ದರೆ ಶಿಕ್ಷಕರಿಗೂ ಅನ್ವಯವಾಗಿರುತ್ತದೆ. ಪರೀಕ್ಷಿಸಲು ಒಂದು ಟೆಸ್ಟ್ ವಿದ್ಯಾರ್ಥಿ ಖಾತೆಗೆ ಕ್ಲಾಸ್‌ರೂಮ್‌ನಲ್ಲಿ ಕೆಲಸ ಕೊಡಿ, ಆಮೇಲೆ ರಿಪೋರ್ಟಿಂಗ್ → ಇಮೇಲ್ ಲಾಗ್ ಸರ್ಚ್‌ನಲ್ಲಿ ಆ ಖಾತೆಯನ್ನು ಸ್ವೀಕರಿಸುವವರ ಜಾಗದಲ್ಲಿ ಹಾಕಿ ಹುಡುಕಿ. ರಿಜೆಕ್ಟೆಡ್ ಎಂದಿದ್ದರೆ ಆ ಸಾಲನ್ನು ತೆರೆಯಿರಿ, ಯಾವ ನಿಯಮದಿಂದ ಎಂಬುದು ಅಲ್ಲೇ ಇರುತ್ತದೆ. 30 ದಿನಕ್ಕಿಂತ ಹಳೆಯ ಮೇಲ್ ಹುಡುಕಲು ಮಾತ್ರ ಮೆಸೇಜ್ ಐಡಿ ಬೇಕಾಗುತ್ತದೆ.